ಕಾಕಾ ಸುಟ್ಟುಕೊಟ್ಟ ಟರ್ಕಿ ಕೋಳಿ

ಹೊಸ ಓವನ್ನಿನ ಜೊತೆ ಒಂದು ಸಣ್ಣ ಪುಸ್ತಕ ಬಂದಿದೆ. ನಿನ್ನೆ ಟರ್ಕಿ ಕೋಳಿಯ ಎದೆಮಾಂಸಕ್ಕೆ ಬೆಣ್ಣೆ, ಕರಿಮೆಣಸು, ಬೆಳ್ಳುಳ್ಳಿ ಹಚ್ಚಿಟ್ಟು, ಎಷ್ಟು ಹೊತ್ತು ಬೇಯಿಸಬೇಕೆಂದು ನೋಡಲು ಆ ಪುಸ್ತಕ ಬಿಡಿಸಿದೆ. ಬೇಯುವಾಗ ಮತ್ತೆ ಮತ್ತೆ ಬಾಗಿಲು ತೆರೆಯಬಾರದು ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿದ್ದರು. ಓದಿದ್ದೇ ತಡ, ಮೈ ಉರಿಯಿತು. ಇಷ್ಟು ವರ್ಷಗಳಾದರೂ ಈ ಮಾತು ನನ್ನ ಬೆನ್ನು ಬಿಟ್ಟಿಲ್ಲವಲ್ಲ... ಇದು ನಮ್ಮ ಪಕ್ಕದ ಮನೆಯ ಕಾಕಾನ ಮಾತು.

ಶಹಾಬಾದಿನಲ್ಲಿ ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಫರಸಿ ಕಲ್ಲಿನ ಚಪ್ಪಡಿ ನಿಲ್ಲಿಸಿದ ಗೋಡೆ, ಎದೆಮಟ್ಟದ್ದು. ಕಾಕಾ ಸಿಮೆಂಟ್ ಫ್ಯಾಕ್ಟರಿಯಲ್ಲಿ ಭಟ್ಟಿ ನೋಡಿಕೊಳ್ಳುವ ಕೆಲಸದಲ್ಲಿದ್ದು ರಿಟೈರಾದವರು. ನೀಲಿ ಗಾಜು ಕಣ್ಣಿಗೆ ಹಿಡಿದು, ಬೆಂಕಿಯ ಬಣ್ಣ ನೋಡಿ, ಇನ್ನೆಷ್ಟು ಉರಿ ಬೇಕೆಂದು ಹೇಳುತ್ತ ಆಯುಷ್ಯ ಕಳೆದಿದ್ದರು. ರಿಟೈರಾದ ಮೇಲೆ ಬೆಂಕಿಯ ವಿಷಯ ಅವರನ್ನು ಕೇಳುವವರು ಯಾರೂ ಉಳಿಯಲಿಲ್ಲ. ಅದಕ್ಕೇ ಅವರ ಕಣ್ಣು ನಮ್ಮ ಒಲೆಯ ಮೇಲೆ ಬಿತ್ತು.

ಅವರು ಲಿಂಗವಂತರು, ಮೊಟ್ಟೆ ಸಹ ಮುಟ್ಟುವವರಲ್ಲ. ನಾವು ಕ್ರೈಸ್ತರು. ಮಾಂಸ ಬೇಯುವ ದಿನ ಅವರು ನಮ್ಮ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ, ಅದು ಸರಿಯೇ. ಆದರೆ ಉಪದೇಶಕ್ಕೆ ಯಾವ ಮಡಿಯೂ ಇರಲಿಲ್ಲ. ಮೂಗಿಗೆ ಟವೆಲ್ ಹಿಡಿದುಕೊಂಡು ಗೋಡೆಯ ಆಚೆ ನಿಂತು, "ಉರಿ ಸಣ್ಣ ಮಾಡು ತಂಗಿ, ತಳಾ ಹಿಡಿಲಿಕತ್ತದ" ಅನ್ನುವರು. ವಾಸನೆಯಿಂದಲೇ ಹೇಳುತ್ತಿದ್ದರು. ತಿನ್ನದ ಮನುಷ್ಯನಿಗೆ ಇಲ್ಲದ ಉಸಾಬರಿ ಯಾಕೆ ಎಂದು ನಾನು ಹಲ್ಲು ಕಚ್ಚುತ್ತಿದ್ದೆ. ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದ್ದದ್ದು, ತಳ ನಿಜಕ್ಕೂ ಹಿಡಿದಿರುತ್ತಿತ್ತು ಎನ್ನುವುದಕ್ಕೆ.

ನಾನು ಹೇಳಬೇಕೆಂದಿರುವುದು ಒಂದು ಕ್ರಿಸ್ಮಸ್ಸಿನ ಮಾತು. ಅವ್ವ ತೀರಿಕೊಂಡಾಗಿತ್ತು. ಅಕ್ಕ ಸೇಡಂನಲ್ಲಿ ತಾನು ಮೆಚ್ಚಿದ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ನಾಲ್ಕು ವರ್ಷ, ಅಪ್ಪ ಅವಳ ಜೊತೆ ಮಾತು ಬಿಟ್ಟೂ ನಾಲ್ಕು ವರ್ಷ. ಆ ಸಲ ನಾನು ಹಟ ಹಿಡಿದು, ಅತ್ತು ಕರೆದು, "ಬರಲಿ ಬಿಡು" ಅನ್ನುವ ಎರಡು ಶಬ್ದಗಳನ್ನು ಅಪ್ಪನ ಬಾಯಿಂದ ಹೊರಡಿಸಿದ್ದೆ. ಊಟಕ್ಕೆ ನಾಲ್ಕೇ ಜನ, ಅಪ್ಪ, ಅಕ್ಕ, ಭಾವ, ನಾನು. ಅವ್ವ ಇದ್ದಾಗ ಹಬ್ಬಕ್ಕೆ ಟರ್ಕಿ ಕೋಳಿ ಆಗಲೇಬೇಕಿತ್ತು. ಕುಂಚಾವರಂ ಕಡೆಯಿಂದ ಒಂದನ್ನು ತರಿಸಿ, ಚರ್ಚಿನ ಇನ್ನೆರಡು ಮನೆಯವರ ಜೊತೆ ಹಂಚಿಕೊಂಡು, ಎದೆಯ ಭಾಗವನ್ನಷ್ಟೇ ನಾನು ಇಟ್ಟುಕೊಂಡೆ. ಅದು ಅವ್ವ ಮಾಡಿದಂತೆಯೇ ಆಗಬೇಕು, ಊಟದ ಹೊತ್ತಿನಲ್ಲಾದರೂ ಅಪ್ಪ ಅಕ್ಕನ ಮುಖ ನೋಡಿ ಒಂದು ಮಾತಾಡಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಹಬ್ಬದ ದಿನ ಬೆಳಿಗ್ಗೆ ಚರ್ಚಿನಿಂದ ಬಂದು ಅವ್ವನ ದುಂಡು ಓವನ್ನಿಗೆ ಪ್ಲಗ್ ಹಾಕುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಅರ್ಧ ತಾಸು ಕಾದೆ. ಹಿತ್ತಲಲ್ಲಿ ನಿಂತು ನಾನು ಶಪಿಸುತ್ತಿದ್ದದ್ದು ಗೋಡೆಯಾಚೆ ಕೇಳಿಸಿರಬೇಕು.

"ಕರೆಂಟಿನ ದಾರಿ ಯಾಕ ನೋಡ್ತಿ ತಂಗಿ, ನಾ ಅದೀನಲ್ಲ. ಭಟ್ಟಿ ಕಟ್ಟಿ ಕೊಡ್ತೀನಿ. ಮಾಂಸ ಮಾತ್ರ ನಾ ಈ ಕಡಿ ಬಂದ ಮ್ಯಾಲ ಹೊರಗ ತರಬೇಕು ನೋಡು."

ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಕಾಕಾ ತಮ್ಮ ಮಲ್ಲಿಗೆ ಬಳ್ಳಿಯ ಸುತ್ತ ಜೋಡಿಸಿದ್ದ ಹಳೆಯ ಭಟ್ಟಿ ಇಟ್ಟಂಗಿಗಳನ್ನೆಲ್ಲ ಕಿತ್ತು ತಂದರು. ನಮ್ಮ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು, ಇದ್ದಿಲು ಉರಿಸಿ, ಗೂಡು ಕಟ್ಟಿ, ಬಾಗಿಲಿಗೆಂದು ತಗಡು ತಯಾರು ಮಾಡಿ, ಹಿಡಿಗಾತ್ರದ ಒಂದು ಕಿಂಡಿ ಬಿಟ್ಟರು. ಅಷ್ಟು ಖುಷಿಯಾಗಿ ಅವರು ಕೆಲಸ ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ಆಚೆ ಹೋಗಿ, ಗೋಡೆಗೆ ಕುರ್ಚಿ ಹಾಕಿ, ಮೂಗು ಮುಚ್ಚಿಕೊಂಡು ಕೂತರು. ಅವರು ಹೇಳಿದಂತೆ ನಾನು ಮಾಂಸದ ತಾಟನ್ನು ಒಳಗಿಟ್ಟು, ತಗಡು ಮುಚ್ಚಿ, ಅದರ ಅಂಚಿಗೆಲ್ಲ ಹಸಿ ಮಣ್ಣು ಮೆತ್ತಿದೆ.

ಒಂದು ತಾಸಾದ ಮೇಲೆ ತೆಗೆದು ನೋಡುತ್ತೇನೆಂದೆ. ಕೂಡದು ಎಂದರು. ಒಂದೂವರೆ ತಾಸಿಗೆ ಮತ್ತೆ ಕೇಳಿದೆ. ಎದ್ದು ಗೋಡೆಯ ಮೇಲೆ ಬಾಗಿ, ನೀಲಿ ಗಾಜಿನಿಂದ ಕಿಂಡಿಯನ್ನು ದಿಟ್ಟಿಸಿ, "ಬಣ್ಣ ಇನ್ನಾ ಬಂದಿಲ್ಲ. ಭಟ್ಟಿ ಬಾಗಲಾ ನಡುವ ತೆಗದ್ರ ಮಾಲ್ ಕೆಡ್ತದ, ಸುಮ್ಮ ಕುಂದ್ರು" ಎಂದರು. ಮಾಲ್ ಅಂತೆ! ನಾನು ಬೇಯಿಸುತ್ತಿದ್ದದ್ದು ಸಿಮೆಂಟಲ್ಲ, ನಾಲ್ಕು ಜನರ ಊಟ ಎಂದು ಅವರಿಗೆ ಹೇಗೆ ಹೇಳುವುದು. ಎರಡೂವರೆ ತಾಸಿನ ನಂತರ ಅಪ್ಪಣೆಯಾಯಿತು. ತೆಗೆದ ಕೂಡಲೇ ಮೊರದಿಂದ ಗಾಳಿ ಬೀಸಬೇಕು, ಮಾಲು ಬೇಗ ಆರಬೇಕು ಅಂತಲೂ ಹೇಳಿದರು. ಅದೊಂದನ್ನು ನಾನು ಕೇಳಲಿಲ್ಲ.

ಕೇಳಿದ್ದರೂ ಕೆಡಲು ಏನೂ ಉಳಿದಿರಲಿಲ್ಲ. ಎದೆಮಾಂಸ ಅರ್ಧಕ್ಕೆ ಕುಗ್ಗಿ, ಚಾಕು ಹಾಕಿದರೆ ಸೀಮೆಸುಣ್ಣದ ಕಡ್ಡಿಯಂತೆ ಪುಡಿಯಾಗುತ್ತಿತ್ತು. ಅಷ್ಟರಲ್ಲಿ ಅಕ್ಕ ಭಾವ ಬಂದು ಕೂತಾಗಿತ್ತು. ಬಡಿಸಿದೆ. ನಾಲ್ವರೂ ಅಗಿದೆವು. ಅಪ್ಪ ತಾಟಿನಿಂದ ಮುಖ ಎತ್ತಲಿಲ್ಲ, ಅಕ್ಕನ ಕಣ್ಣಲ್ಲಿ ನೀರು ತುಂಬುತ್ತಿತ್ತು. ಸರಿಯಾಗಿ ಆಗಲೇ ಕಿಟಕಿಯಾಚೆ ಗೋಡೆಯ ಮೇಲೆ ಆ ತಲೆ ಕಾಣಿಸಿತು. "ಹ್ಯಾಂಗ ಆಗ್ಯದ ತಂಗಿ?"

ನಾನು ಹೊರಗೆ ಹೋದೆ. "ಕಾಕಾ, ನಾಲ್ಕು ವರ್ಷಕ್ಕ ನಮ್ಮಕ್ಕ ಮನಿಗಿ ಬಂದಾಳ. ನಿಮ್ಮ ಭಟ್ಟಿ ಆಕಿ ಊಟಾ ಕೆಡಿಸ್ತು, ನಮ್ಮ ಹಬ್ಬಾ ಕೆಡಿಸ್ತು. ಇನ್ನ ಮ್ಯಾಲ ನಮ್ಮ ಅಡಗ್ಯಾಗ ಬರಬ್ಯಾಡ್ರಿ" ಎಂದೆ. ಕಾಕಾ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಒಳಗೆ ಬಂದಾಗ ಅಪ್ಪ ಮಾತಾಡುತ್ತಿದ್ದ. ಅಕ್ಕನ ಜೊತೆ. "ಈ ಮನುಷ್ಯಾ ನಿಮ್ಮವ್ವನ್ನೂ ಬಿಟ್ಟಿದ್ದಿಲ್ಲ ನೋಡು. ಕೇಕಿನ ಡಬ್ಬಿ ಮ್ಯಾಲ ಕೆಂಡಾ ಹಾಕ್ಸಿ ಕರ್ರಗ ಮಾಡ್ಸಿದ್ದ."

"ನೆನಪದಪ್ಪ. ಅವ್ವ ಒಂದು ವಾರ ಕಾಕಾಗ ಚಾ ಕೊಟ್ಟಿದ್ದಿಲ್ಲ" ಎಂದಳು ಅಕ್ಕ.

ಅಪ್ಪ ನಕ್ಕ. ನಾಲ್ಕು ವರ್ಷ ಬಿಗಿಹಿಡಿದ ಬಾಯಿ, ಪಕ್ಕದ ಮನೆಯವನನ್ನು ಬೈಯುವ ನೆಪದಲ್ಲಿ ಬಿಟ್ಟುಕೊಂಡಿತು. ಕಾಕಾನ ಒಂದೊಂದೇ ಕಿತಾಪತಿಯನ್ನು ಇಬ್ಬರೂ ಸೇರಿ ನೆನೆದು ನೆನೆದು ಬೈದರು. ಕೊನೆಗೆ ಅಪ್ಪನೇ ಆ ಮಾಂಸವನ್ನು ಕೈಯಿಂದ ಎಳೆ ಎಳೆಯಾಗಿ ಬಿಡಿಸಿ, ಖಾರದ ಸಾರಿನಲ್ಲಿ ನೆನೆಸಿ, ಜೋಳದ ರೊಟ್ಟಿಯ ಜೊತೆ ಮೊದಲು ಅಕ್ಕನ ತಾಟಿಗೆ ಹಾಕಿದ. ನಾವು ಹೊಟ್ಟೆ ತುಂಬ ಉಂಡೆವು.

ಇದನ್ನು ಮಾರನೆಯ ದಿನವೇ ಕಾಕಾಗೆ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಜೊತೆಗೆ ಅವರು ಗೋಡೆಯ ಹತ್ತಿರ ಬರುವುದನ್ನು ಬಿಟ್ಟಿದ್ದರು, ಅದು ನನಗೆ ಹಾಯೆನಿಸಿತ್ತು. ಎದುರಿಗೆ ಸಿಕ್ಕರೆ, "ಆರಾಮ ಅದೀಯಿಲ್ಲ ತಂಗಿ" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುತ್ತಲೇ ವರ್ಷಗಳು ಹೋದವು... ಹೋದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು.

ಇಂದು ಕ್ರಿಸ್ಮಸ್. ಓವನ್ನಿನಿಂದ ತೆಗೆದ ಮಾಂಸ ಬೆಣ್ಣೆಯಂತೆ ಮೆತ್ತಗಿತ್ತು. ಪ್ರತಿ ವರ್ಷದಂತೆ ಅಕ್ಕ ಮಕ್ಕಳ ಸಮೇತ ಬಂದಿದ್ದಾಳೆ, ಅಪ್ಪ ಅವಳ ಪಕ್ಕ ಬಿಟ್ಟು ಏಳಲಿಲ್ಲ. ಊಟದ ನಂತರ ಮೊಟ್ಟೆ ಹಾಕದ ಕೇಕ್ ತೆಗೆದುಕೊಂಡು ಪಕ್ಕದ ಮನೆಗೆ, ಕಾಕಾನ ಹೆಂಡತಿ ಕಾಕಿಯ ಹತ್ತಿರ ಹೋದೆ. ನಮ್ಮ ಮನೆಯ ಗದ್ದಲ ಅವರಿಗೂ ಕೇಳಿಸಿತ್ತು.

"ನಿಮ್ಮಕ್ಕ ಬಂದಾಳೇನು? ನಿಮ್ಮ ಕಾಕಾ ಕಡೀತನಕಾ ಅದೊಂದೇ ಹೇಳ್ತಿದ್ರು. ನಾಲ್ಕು ವರ್ಷಕ್ಕ ತವರಿಗಿ ಬಂದ ಹುಡುಗಿ ತಾಟ ನಾ ಕೆಡಿಸಿದೆ ಅಂತ."

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅಪ್ಪ ಬಾಯಿ ಬಿಟ್ಟಿದ್ದೇ ಕಾಕಾನ ಭಟ್ಟಿಯಿಂದ ಎಂದು, ಆ ದಿನದಿಂದಲೇ ಅಕ್ಕ ಮತ್ತೆ ನಮ್ಮ ಮನೆಯ ಮಗಳಾದಳು ಎಂದು. ಹೇಳುತ್ತ ಹೇಳುತ್ತ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕಾಕಿ ಬೈಯಲಿಲ್ಲ, ಅಳಲೂ ಇಲ್ಲ.

"ಇದನ್ನ ಅವರ ಮುಂದ ಹೇಳಬೇಕಿತ್ತು ತಂಗಿ" ಎಂದು, ಕೇಕಿನ ತಾಟನ್ನು ಒಳಗೆ ಒಯ್ದರು.