ಒಂದು ಗೇಣಿನ ಗಿಣಿ

ಹೊಸದುರ್ಗದಲ್ಲಿ ನನಗೆ ಫ್ಯಾಬ್ರಿಕ್ ಪೇಂಟಿಂಗ್ ಕಲಿಸಿದವರನ್ನು ನಾವೆಲ್ಲ ಆಪಾ ಎನ್ನುತ್ತಿದ್ದೆವು. ಗಂಡನ ಟೈಲರ್ ಅಂಗಡಿಯ ಮೇಲಿನ ಕೋಣೆಯೇ ಅವರ ಶಾಲೆ. ಅಲ್ಲಿ ಸ್ಕೇಲು, ಟೇಪು ಏನೂ ನಡೆಯುತ್ತಿರಲಿಲ್ಲ. "ಗಿಣಿಗೆ ಒಂದು ಗೇಣು, ಎಲೆಗೆ ನಾಕು ಬೆರಳು. ದೇವ್ರು ಕೈ ಕೊಟ್ಟಿರೋದು ಯಾತಕ್ಕೆ?" ಎನ್ನುತ್ತಿದ್ದರು. ಬಟ್ಟೆಯ ಮೇಲೆ ಗೇಣು ಹಾಕಿ ಹಾಕಿ, ಕೊನೆಗೆ ಬಸ್ಸಿನ ಸೀಟು, ಊಟದ ತಟ್ಟೆ, ಮುಂದೆ ಕುಳಿತವರ ಬೆನ್ನು ಎಲ್ಲವನ್ನೂ ನಾನು ಗಿಣಿಯ ಲೆಕ್ಕದಲ್ಲಿ ನೋಡತೊಡಗಿದೆ.

ಆಮೇಲೆ ಚಿತ್ರದುರ್ಗದಲ್ಲಿ ಕಂಪ್ಯೂಟರ್ ಡಿಸೈನ್ ಕ್ಲಾಸಿಗೆ ಸೇರಿದೆ. ಹೊಳಲ್ಕೆರೆ ಮೇಲೆ ಹೋಗುವ ಬಸ್ಸಿನಲ್ಲಿ ದಿನಾ ಓಡಾಟ. ಒಂದು ಗಿಣಿ ಬರೆದು ಗುಂಡಿ ಒತ್ತಿದರೆ ನೂರು ಗಿಣಿ. ತಪ್ಪಿದರೆ ಇನ್ನೊಂದು ಗುಂಡಿ, ತಪ್ಪು ಮಾಯ. ಒಂದೇ ತಿಂಗಳಲ್ಲಿ ನನಗೆ ಕೋಡು ಮೂಡಿದವು. ಆಪಾ ಬಗ್ಗೆ ಪಾಪ ಎನಿಸತೊಡಗಿತು.

ಅಷ್ಟರಲ್ಲಿ ಹಿರಿಯೂರಿಗೆ ಕೊಟ್ಟಿದ್ದ ನನ್ನಕ್ಕನ ಸೀಮಂತ ಬಂತು. ಹಸಿರು ಸೀರೆಯ ಮೇಲೆ ಕೆಂಪು ಗಿಣಿ ಬೇಕೆಂದು ಅವಳ ಆಸೆ. ಕಂಪ್ಯೂಟರಿನಲ್ಲೇ ಮಾಡಿಕೊಡುತ್ತೇನೆಂದು ಕೊಚ್ಚಿಕೊಂಡೆ. ಅಕ್ಕ ಅದನ್ನು ಅತ್ತೆಗೆ ಹೇಳಿದಳು, ಅತ್ತೆ ಇಡೀ ಬೀದಿಗೆ ಹೇಳಿದರು. ಆ ಅತ್ತೆಯೋ, ಅಕ್ಕನ ಅಡುಗೆಯಲ್ಲಿ, ರಂಗೋಲಿಯಲ್ಲಿ, ಅವಳು ಸೀನುವುದರಲ್ಲೂ ಕೊರತೆ ಹುಡುಕಿದವರು. "ಲೇ, ನನ್ನ ಮರ್ಯಾದೆ ನಿನ್ನ ಕೈಯಾಗೈತೆ," ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ನಾನು ಪರದೆಯ ಮೇಲೆ ಸೀರೆಯನ್ನು ಚೆನ್ನಾಗಿ ಹಿಗ್ಗಿಸಿಕೊಂಡು, ಅಭ್ಯಾಸಬಲದಿಂದ ಮಾನಿಟರಿನ ಮೇಲೇ ಗೇಣು ಹಾಕಿ ಗಿಣಿ ಬರೆದೆ. "ಏನಮ್ಮ, ಮಾನಿಟರಿಗೆ ಜ್ವರ ಬಂದೈತಾ?" ಎಂದು ಕ್ಲಾಸಿನ ಸರ್ ಕೇಳಿದರು. ಎಲ್ಲರೂ ನಕ್ಕರು. ಹೊಟ್ಟೆಕಿಚ್ಚು ಎಂದುಕೊಂಡೆ.

ಸೀಮಂತಕ್ಕೆ ಎರಡು ದಿನ ಇರುವಾಗ ಸೀರೆ ಪ್ರಿಂಟ್ ಆಗಿ ಬಂತು. ಅಮ್ಮ ಬಿಚ್ಚಿ ನೋಡಿ, "ಅಯ್ಯೋ, ಕೆಂಪಿರುವೆ ಮುತ್ಕಂಡವೆ!" ಎಂದು ಅಂಗಳಕ್ಕೆ ಓಡಿ ಸೀರೆ ಕೊಡವಿದಳು. ಒಂದೂ ಉದುರಲಿಲ್ಲ. ಹಿಗ್ಗಿಸಿದ ಪರದೆಯ ಒಂದು ಗೇಣು ಬಟ್ಟೆಯ ಮೇಲೆ ಅಕ್ಕಿಕಾಳಿನಷ್ಟೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಅಳುತ್ತಾ ಆಪಾ ಹತ್ತಿರ ಓಡಿದೆ. ಅವರು ಕನ್ನಡಕ ಏರಿಸಿ, ಇಳಿಸಿ ಸೀರೆ ನೋಡಿದರು. "ಹೆಗಲ ಮೇಲೆ ಬರೋ ಜಾಗದಾಗೆ ಒಂದು ದೊಡ್ಡದು ಬರಿ. ಚಿಕ್ಕವು ದೂರದಾಗೆ ಹಾರ್ತಾ ಅವೆ ಅಂತ ಹೇಳಾಣ," ಎಂದು ಕುಂಚ ಕೊಟ್ಟರು. ಗಾಬರಿಯಲ್ಲಿ ನಾನು ರೊಟ್ಟಿಗೆ ಬೆಣ್ಣೆ ಬಳಿದಂತೆ ಬಣ್ಣ ಬಳಿದೆ. ಒಣಗಲು ಎರಡು ದಿನ ಬೇಕೆಂದು ಆಪಾ ಹಣೆ ಚಚ್ಚಿಕೊಂಡರು. ಇದ್ದದ್ದು ಒಂದೇ ದಿನ.

ಹಿರಿಯೂರಿನಲ್ಲಿ ಆರತಿಯವರೆಗೂ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಫೋಟೋದವನು, "ಅಮ್ಮಾರೇ, ಸೊಸೆ ಹತ್ರ ಬರ್ರಿ, ಇನ್ನೂ ಹತ್ರ," ಎಂದ. ಕೆನೆಬಣ್ಣದ ರೇಷ್ಮೆಯುಟ್ಟ ಅತ್ತೆ ಅಕ್ಕನ ಹೆಗಲಿಗೆ ಹೆಗಲು ಒತ್ತಿ ನಿಂತರು. ಸರಿದಾಗ ಅವರ ಸೆರಗಿನ ಮೇಲೂ ಒಂದು ಕೆಂಪು ಗಿಣಿ ಕುಳಿತಿತ್ತು.

ಅಕ್ಕನ ಕಣ್ಣು ತುಂಬಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಅತ್ತೆ ತಮ್ಮ ಗಿಣಿಯನ್ನು ನೋಡಿದರು, ಅಕ್ಕನದನ್ನು ನೋಡಿದರು, ಮತ್ತೆ ತಮ್ಮದನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಅಲ್ಲ, ಸೊಸೆ ಗಿಣಿಗೆ ಕಣ್ಣು ಐತೆ, ನನ್ನದಕ್ಕ್ಯಾಕಿಲ್ಲ? ಬಾರಮ್ಮ ಇಲ್ಲಿ, ಬರಿ."

ಅಕ್ಕ ತನ್ನ ಕಾಡಿಗೆ ಡಬ್ಬಿ ಕೊಟ್ಟಳು. ಬೆರಳಿನಿಂದ ಒಂದು ಚುಕ್ಕೆ ಇಟ್ಟೆ. ಅತ್ತೆ ಬಗ್ಗಿ ಪರೀಕ್ಷಿಸಿ, ಮದುವೆಯಾದ ಮೇಲೆ ಮೊದಲ ಸಲ ಸೊಸೆಯ ಹೆಗಲ ಮೇಲೆ ಕೈ ಹಾಕಿ, ಫೋಟೋದವನಿಗೆ ಹೇಳಿದರು, "ಈಗ ಹೊಡಿಯಪ್ಪ."