ಎಲಿಯೇಸರನ ಹಲಗೆ, ಅಮ್ಮನ ಕಲ್ಲು

ಮಗ್ದಲೇನಾ ನದಿಯ ದಂಡೆಯ ಆ ಬೀದಿಯಲ್ಲಿ ಮೋಸಗಾರರನ್ನು ವಾಸನೆಯಿಂದಲೇ ಹಿಡಿಯಬಲ್ಲ ಗಂಡಸು ತಾನೊಬ್ಬನೇ ಎಂದು ತೂಗುಕುರ್ಚಿ ಹೆಣೆಯುವ ಎಲಿಯೇಸರ್ ನಂಬಿದ್ದ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು, ಬಿಟ್ಟದ್ದೂ ಸಿಟ್ಟಿನಿಂದಲೇ. ಹೋದ ವರ್ಷ ಯಾರೋ ಅವನ ನಾದಿನಿ ಯಾದಿರಾಳಿಗೆ ನಕಲಿ ಕುಕ್ಕರ್ ಮಾರಿ ಹೋದಾಗ ತಿಂಗಳಿಡೀ ಅವಳನ್ನು ಆಡಿಕೊಂಡ. ತನ್ನ ಬಾಗಿಲಿಗೆ ಹಲಗೆ ಹೊಡೆದ: “ಮಾರುವವರು ಬಂದರೆ ನಾಯಿಗಿಂತ ಮೊದಲು ನಾನು ಕಚ್ಚುತ್ತೇನೆ.”

ಹಲಗೆ ಚೆನ್ನಾಗಿತ್ತು. ಆದರೆ ಆ ಸೆಕೆಯಲ್ಲಿ ಹಗಲು ಯಾರೂ ಬಾಗಿಲು ಮುಚ್ಚುವುದಿಲ್ಲ. ಬಾಗಿಲು ಒಳಗೋಡೆಗೆ ಒರಗಿರುತ್ತಿತ್ತು. ಹಲಗೆಯನ್ನು ಓದುತ್ತಿದ್ದವು ಹಲ್ಲಿಗಳು.

ಒಂದು ಸಂಜೆ ಬೀದಿಯವರೆಲ್ಲ ತೂಗುಕುರ್ಚಿ ಹೊರಗೆ ಹಾಕಿ ಕೂತಿದ್ದಾಗ, ಇಸ್ತ್ರಿ ಅಂಗಿಯವನೊಬ್ಬ ಬಂದು ಎಲಿಯೇಸರನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟ. ಕುರ್ಚಿಯಲ್ಲಿ ಕೂತವನು ನೆಂಟ. ನೆಂಟನನ್ನು ಬೈಯುವಂತಿಲ್ಲ, ಕಾಫಿ ಕೊಡಬೇಕು.

“ಈ ಹೆಣಿಗೆ ನಿಮ್ದಾ ಮೇಸ್ತ್ರಿ? ಇಂಥ ಬಿಗಿ ನಾನೆಲ್ಲೂ ನೋಡಿಲ್ಲ.”

ಕಚ್ಚಲು ಸಿದ್ಧವಾಗಿದ್ದ ಬಾಯಿ ಹಲ್ಲು ಕಿರಿಯಿತು.

ಒಳಗೆ ಮರದ ಚೌಕಟ್ಟಿನಲ್ಲಿ ಎಲಿಯೇಸರನ ಅಮ್ಮ ಬಿಟ್ಟುಹೋದ ದೊಡ್ಡ ಕಲ್ಲಿನ ಬಟ್ಟಲಿತ್ತು. ಅದರಲ್ಲಿ ನದಿನೀರು ಸುರಿದರೆ ಸೋಸಿಕೊಂಡು ಕೆಳಗಿನ ಮಡಕೆಗೆ ತೊಟ್ಟಿಕ್ಕುತ್ತಿತ್ತು. ನೀರು ಪರೀಕ್ಷೆ ಮಾಡುತ್ತೇನೆಂದು ಒಳಗೆ ಬಂದ ಅಂಗಿಯವನು ಆ ನೀರಿಗೆ ಕರೆಂಟಿನ ಎರಡು ಕಬ್ಬಿಣದ ಕಂಬಿ ಇಳಿಬಿಟ್ಟ. ನೀರು ಕಪ್ಪಗಾಯಿತು. ತನ್ನ ಬಾಟಲಿಯ ನೀರಿಗೆ ಇಳಿಬಿಟ್ಟ. ಅದು ತಿಳಿಯಾಗೇ ಉಳಿಯಿತು.

“ಈ ವಿಷದ ಕಲ್ಲು ನಾವೇ ತಗೊಂಡು ಹೋಗ್ತೀವಿ, ನೀರು ಸೋಸೋ ನಮ್ಮ ಹೊಸ ಮಿಷನ್ನಿಗೆ ಅರ್ಧ ಬೆಲೆ.”

ಹೆಂಡತಿ ನುಬಿಯಾ ಅಡ್ಡ ನಿಂತಳು. “ನಿಮ್ಮಮ್ಮ ಇದೇ ನೀರು ಕುಡಿದು ತೊಂಬತ್ತೊಂದು ವರ್ಷ ಬದುಕಿದ್ರು. ಕಲ್ಲು ಮುಟ್ಟಬೇಡಿ.”

“ಸುಮ್ನಿರೇ, ಇದು ವಿಜ್ಞಾನ,” ಎಂದ ಮೂರನೇ ಕ್ಲಾಸಿನವನು. ಹಣ ಎಣಿಸಿ ಕೊಟ್ಟು, ಕಲ್ಲನ್ನು ತಾನೇ ಹೊತ್ತು ಹೊರಗೆ ನಿಂತಿದ್ದ ಅವರ ಮೂರುಚಕ್ರದ ಗಾಡಿಗೆ ಹಾಕಿದ.

ಅಷ್ಟಕ್ಕೇ ನಿಲ್ಲಲಿಲ್ಲ. ಹೊಸ ಮಿಷನ್ನಿನ ನೀರನ್ನು ಗ್ಲಾಸಿನಲ್ಲಿ ಹಿಡಿದು ಅಂಗಿಯವನ ಜೊತೆ ಮುಂದಿನ ಮನೆಗೂ ಸಾಕ್ಷಿ ಹೇಳಲು ಹೋದ. ಅದು ನಿವೃತ್ತ ಶಿಕ್ಷಕಿ ಬೆತ್ಸಾಬೆಯ ಮನೆ.

“ಅವನ ಗ್ಲಾಸಿಗೂ ಕಂಬಿ ಹಾಕಪ್ಪ,” ಎಂದರು ಅವರು ಅಂಗಿಯವನಿಗೆ.

“ಅದು ಬೇಡಮ್ಮ, ಕಂಬಿ ಈಗಷ್ಟೇ ಒರೆಸಿದೀನಿ.”

“ಯಾಕೆ ಬೇಡ? ನೋಡ್ಲಿ ಬಿಡಿ,” ಎಂದು ಎಲಿಯೇಸರನೇ ಕಂಬಿ ಕಿತ್ತುಕೊಂಡು ಅದ್ದಿದ. ನೀರು ಇದ್ದಿಲು ಕದಡಿದಂತಾಯಿತು.

“ಕೊಳೆ ನೀರಿಂದಲ್ಲ, ಕಂಬಿದು. ಅವನ ಬಾಟಲಿಲಿರೋದು ಬ್ಯಾಟರಿಗೆ ಹಾಕೋ ನೀರು, ಅದರಲ್ಲಿ ಕರೆಂಟ್ ಹರಿಯಲ್ಲ. ನಾಲ್ಕನೇ ಕ್ಲಾಸಲ್ಲಿ ಹೇಳ್ಕೊಡ್ತಿದ್ದೆ ಮಾರಾಯ.”

“ನಾನು ಮೂರಕ್ಕೇ ಬಿಟ್ಟೆ, ಟೀಚರ್.”

ಅಷ್ಟರಲ್ಲಿ ಅಂಗಿಯವನು ಗಾಡಿ ಹತ್ತಿದ್ದ. ಎಲಿಯೇಸರ್ ಬರಿಗಾಲಲ್ಲಿ ಓಡಿದ. ಹಣ ಹಾಳಾಗಲಿ, ಅಮ್ಮನ ಕಲ್ಲಿಲ್ಲದೆ ಆ ಮನೆಗೆ ಕಾಲಿಡುವುದು ಹೇಗೆ? ಗಾಡಿ ಸಿಗಲಿಲ್ಲ. ಕಲ್ಲು ಮಾತ್ರ ನದಿಯ ತಿರುವಿನಲ್ಲಿ, ಕಸದ ಪಕ್ಕ ಬಿದ್ದಿತ್ತು. ಅವರಿಗೆ ಅದು ಬರೀ ಭಾರ. ಅಂಚು ಮುಕ್ಕಾಗಿತ್ತು, ಒಡೆದಿರಲಿಲ್ಲ. ಹೆಗಲಿಗೇರಿಸಿಕೊಂಡು ಕುರ್ಚಿಗಳ ಸಾಲಿನ ಮುಂದೆಯೇ ವಾಪಸ್ಸು ನಡೆದ. ಬೇರೆ ದಾರಿ ಇರಲಿಲ್ಲ.

“ಏನ್ ಭಾವ,” ಯಾದಿರಾ ಕುರ್ಚಿ ತೂಗುತ್ತಲೇ ಕೇಳಿದಳು, “ಕುಕ್ಕರ್ ಎಷ್ಟು ಲೀಟರಿಂದು?”

ಕಲ್ಲನ್ನು ಅದರ ಜಾಗದಲ್ಲಿ ಕೂರಿಸಿ ನದಿನೀರು ಸುರಿದ ಮೇಲೆ ಎಲಿಯೇಸರ್ ಬಾಗಿಲಿನ ಹಲಗೆ ಕಿತ್ತು, ಖಾಲಿ ಕುರ್ಚಿಯ ಬೆನ್ನಿಗೆ ಕಟ್ಟತೊಡಗಿದ.

“ಅಲ್ಲಲ್ಲ, ನಿಮ್ಮ ಕುತ್ತಿಗೆಗೆ ಕಟ್ಕೊಳ್ಳಿ,” ಎಂದಳು ನುಬಿಯಾ. “ಹೊಗಳೋಕೆ ಬರೋರು ಮೊದ್ಲು ಓದ್ಲಿ.”

ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದವನು ಒಳಗೆ ಮಡಕೆಗೆ ಬಿದ್ದ ಮೊದಲ ತೊಟ್ಟಿನ ಸದ್ದು ಕೇಳಿ ಬಾಯಿ ಮುಚ್ಚಿಕೊಂಡ. ಹಲಗೆಯ ಹಗ್ಗವನ್ನು ಕುತ್ತಿಗೆಗೆ ಹಿಡಿದು ಅಳತೆ ನೋಡಿದ. ಸರಿಯಾಗಿತ್ತು.