ಲ್ಯೂಬೆನ್ ಮೇಷ್ಟ್ರ ಕಿವಿಯಂತ್ರ

ಪ್ಲೊವ್ಡಿವ್‌ನಲ್ಲಿ ನಲವತ್ತು ವರ್ಷ ಕೊಳಲು ಕಲಿಸಿದ ಲ್ಯೂಬೆನ್ ಮೇಷ್ಟ್ರಿಗೆ ಎಪ್ಪತ್ತರ ಹೊತ್ತಿಗೆ ಕಿವಿ ಮಂದವಾಗಿತ್ತು. ದಿನಾ ಬೆಳಿಗ್ಗೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಗುಡ್ಡ ಹತ್ತುತ್ತಿದ್ದರು. ವ್ಯಾಯಾಮವೆಂಬುದು ನೆಪ. ಅವರಿಗೆ ತುದಿಯ ಮರದಲ್ಲಿ ಹಾಡುವ ಕರಿಹಕ್ಕಿಯನ್ನು ಕೇಳಬೇಕಿತ್ತು.

ಮೇ ತಿಂಗಳ ಒಂದು ದಿನ ಬೆವರು ಒರೆಸಿಕೊಳ್ಳುವಾಗ ಯಂತ್ರ ಎಲ್ಲೋ ಬಿದ್ದುಹೋಯಿತು. ನಾಲ್ಕು ದಿನ ಮಂಡಿಯೂರಿ ಹುಲ್ಲು ಕೆದಕಿದರೂ ಸಿಗಲಿಲ್ಲ. ಹೊಸದು ಬರುವುದು ಆಗಸ್ಟಿಗೇ ಎಂದರು ಅಂಗಡಿಯವರು. ವಸಂತದಲ್ಲಿ ಹಾಡತೊಡಗುವ ಹಕ್ಕಿ ಅಷ್ಟರಲ್ಲಿ ಹಾಡು ನಿಲ್ಲಿಸಿರುತ್ತದೆ.

ಐದನೆಯ ದಿನ ಹೆಂಡತಿ ಸ್ಟೋಯಂಕಾಳೂ ಜೊತೆಗೆ ಹತ್ತಿದಳು.

"ಹಾಡ್ತಿದೆಯೇನೇ?" ಮೇಷ್ಟ್ರು ಕೇಳಿದರು.

ಆಕೆ ಅವರ ಕಿವಿಗೆ ಬಾಯಿಟ್ಟು ಕೂಗಿದಳು: "ಹಾಡ್ತಿದೆ ಕಣ್ರೀ!"

"ಹೇಗೆ ಹಾಡ್ತಿದೆ?"

"ನಾನೇನು ಕೊಳಲು ಮೇಷ್ಟ್ರಾ? ಹಕ್ಕಿ ಹಾಡೋ ಹಾಗೆ ಹಾಡ್ತಿದೆ!"

"ಕೈಯಲ್ಲಿ ತೋರಿಸೇ. ಎಲ್ಲಿ ಏರುತ್ತೆ, ಎಲ್ಲಿ ಇಳಿಯುತ್ತೆ, ಅಷ್ಟು ಸಾಕು."

ನಾಚಿಕೊಳ್ಳುತ್ತಲೇ ಆಕೆ ಕೈ ಎತ್ತಿದಳು. ಆ ಕೈ ಏರಿತು, ನಡುಗಿತು, ಜಾರಿತು. ಮೇಷ್ಟ್ರು ರೆಪ್ಪೆ ಮಿಟುಕಿಸದೆ ನೋಡಿದರು. ಸ್ವರಗಳು ನೆನಪಾದವು, ಆದರೆ ಕೇಳಿಸಲಿಲ್ಲ. ಕೈ ನಿಂತಿತು.

"ಮುಗೀತಾ?"

"ಹಾರಿಹೋಯ್ತು."

ಆ ಬೇಸಿಗೆಯೆಲ್ಲ ಇಬ್ಬರೂ ಹಾಗೆಯೇ ಹತ್ತಿದರು. ಆಗಸ್ಟಿನಲ್ಲಿ ಹೊಸ ಯಂತ್ರ ಬಂತು. ಗುಡ್ಡದ ತುದಿಯಲ್ಲಿ ಎಲೆಗಳ ಸದ್ದು ಚೆನ್ನಾಗಿ ಕೇಳಿಸಿತು. ವಸಂತಕ್ಕೆ ಇನ್ನೂ ಏಳು ತಿಂಗಳಿತ್ತು.